ಬೆಂಕಿಯಿಲ್ಲದೆ ಉರಿಯುವ ಬೆಲ್ಲ

ವಿಶಾಖಪಟ್ಟಣದ ಹತ್ತಿರದ ಅನಕಾಪಲ್ಲಿಗೆ ಬೆಲ್ಲವೇ ಹೆಸರು ತಂದುಕೊಟ್ಟಿದೆ. 2022ರ ಏಪ್ರಿಲ್‌ವರೆಗೆ ವಿಶಾಖಪಟ್ಟಣ ಜಿಲ್ಲೆಯಲ್ಲೇ ಇದ್ದ ಈ ಊರು ಈಗ ತನ್ನ ಹೆಸರಿನದೇ ಜಿಲ್ಲೆಯ ಕೇಂದ್ರವಾಗಿದೆ. ದೇಶದ ದೊಡ್ಡ ಬೆಲ್ಲದ ಮಾರುಕಟ್ಟೆಗಳಲ್ಲಿ ಒಂದು ಇಲ್ಲಿದೆ. ನಮ್ಮ ಮಂಡ್ಯದ ಅಚ್ಚು ಬೆಲ್ಲದ ಹಾಗೆ ಅಂಗೈಯಲ್ಲಿ ಹಿಡಿಸುವ ಬೆಲ್ಲವಲ್ಲ ಅಲ್ಲಿಯದು, ಹೆಗಲ ಮೇಲೆ ಹೊರಬೇಕಾದ ದೊಡ್ಡ ದೊಡ್ಡ ದಿಮ್ಮ. ಆದರೆ ಮಾಡುವ ಬಗೆ ಮಂಡ್ಯದಲ್ಲೂ ಅದೇ, ಅನಕಾಪಲ್ಲಿಯಲ್ಲೂ ಅದೇ. ಕಬ್ಬನ್ನು ಗಾಣಕ್ಕೆ ಕೊಟ್ಟು ಹಾಲು ಹಿಂಡುತ್ತಾರೆ, ಕೊಪ್ಪರಿಗೆಗೆ ಸುರಿದು ಕುದಿಸುತ್ತಾರೆ. ಒಲೆಗೆ ಹಾಕುವುದು ಅದೇ ಕಬ್ಬಿನ ಒಣಗಿದ ಸಿಪ್ಪೆಯನ್ನು, ಮಂಡ್ಯದವರು ರಚ್ಚು ಅನ್ನುತ್ತಾರಲ್ಲ, ಅದನ್ನು.

ಆಲೆಮನೆ ಕಂಡವರೆಲ್ಲ ನೋಡಿರುವ ಈ ನೋಟದಲ್ಲಿ ಒಂದು ಒಗಟಿದೆ. ರಚ್ಚಿನ ನಾರಿನ ಅತಿ ದೊಡ್ಡ ಪಾಲು ಗ್ಲೂಕೋಸ್ ಅಣುಗಳನ್ನು ಸಾಲಾಗಿ ಕೋದು ಮಾಡಿದ ಸೆಲ್ಯುಲೋಸ್. ಕೊಪ್ಪರಿಗೆಯ ಸಿಹಿ ಎಂದರೆ ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಜೋಡಿಯಾಗಿರುವ ಸಕ್ಕರೆ. ಅಂದರೆ ಒಲೆಯ ಒಳಗೂ ಗ್ಲೂಕೋಸ್, ಒಲೆಯ ಮೇಲೂ ಗ್ಲೂಕೋಸ್. ಒಲೆಯದು ಧಗಧಗ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಹೋಗುತ್ತದೆ. ಕೊಪ್ಪರಿಗೆಯದನ್ನು ಬಿಸಿಲಲ್ಲಿ ನಡೆದು ಬಂದವರು ಒಂದು ಲೋಟ ನೀರಿನ ಜೊತೆ ತಿನ್ನುತ್ತಾರೆ. ಅವರ ಮೈಯಲ್ಲೂ ಅದು ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರೇ ಆಗುತ್ತದೆ. ಹೊರಬರುವ ಶಕ್ತಿಯ ಮೊತ್ತವೂ ಒಂದೇ, ಸಕ್ಕರೆಯ ಗ್ರಾಮ್ ಒಂದಕ್ಕೆ ಸುಮಾರು 4 ಕಿಲೋಕ್ಯಾಲರಿ. ಆದರೆ ಒಲೆಯಲ್ಲಿ ಜ್ವಾಲೆ ಏಳುತ್ತದೆ, ಮೈಯ ಬಿಸಿ 37 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಒಂದೇ ವಸ್ತು ಒಂದೇ ರೀತಿ ಮುಗಿಯುವಾಗ ಒಂದು ಕಡೆ ಬೆಂಕಿ, ಇನ್ನೊಂದು ಕಡೆ ಬದುಕು ಹೇಗೆ ಸಾಧ್ಯ?

ಕಬ್ಬಿನ ತೂಕ ಬಂದದ್ದು ಎಲ್ಲಿಂದ?

ಮೊದಲು ಆ ಶಕ್ತಿ ಬೆಲ್ಲದೊಳಗೆ ಹೇಗೆ ಸೇರಿತು ಎಂದು ನೋಡಬೇಕು. ಹತ್ತು ಟನ್ ಕಬ್ಬು ಅರೆದರೆ ಒಂದು ಟನ್ನಿನ ಆಸುಪಾಸು ಬೆಲ್ಲ ಸಿಗುತ್ತದೆ. ಆ ಒಂದು ಟನ್ ಎಲ್ಲಿಂದ ಬಂತು ಎಂದು ಕೇಳಿದರೆ ಹೆಚ್ಚಿನವರು ಮಣ್ಣನ್ನು ತೋರಿಸುತ್ತಾರೆ. ಹಾಗಿದ್ದರೆ ನೂರಾರು ವರ್ಷ ಬೆಳೆ ತೆಗೆದ ಗದ್ದೆಗಳೆಲ್ಲ ಇಷ್ಟು ಹೊತ್ತಿಗೆ ಹಳ್ಳವಾಗಬೇಕಿತ್ತು.

ಹದಿನೇಳನೆಯ ಶತಮಾನದಲ್ಲಿ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಎಂಬಾತ ಇದನ್ನು ತೂಗಿಯೇ ನೋಡಿದ. ಒಣಗಿಸಿದ 200 ಪೌಂಡ್ ಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು, ಐದು ವರ್ಷ ನೀರೊಂದನ್ನೇ ಹಾಕಿದ. ಗಿಡ 169 ಪೌಂಡಿಗೆ ಬೆಳೆದಿತ್ತು. ಮಣ್ಣು ಕಡಿಮೆಯಾದದ್ದು ಎರಡು ಔನ್ಸ್ ಮಾತ್ರ. ಹಾಗಾದರೆ ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಅವನು ತೀರ್ಮಾನಿಸಿದ. ತಕ್ಕಡಿ ಸರಿಯಿತ್ತು, ತೀರ್ಮಾನ ಅರ್ಧ ತಪ್ಪಿತು. ಗಾಳಿಯನ್ನು ಎಲೆ ಹಿಡಿದು ಗಟ್ಟಿಮಾಡಬಲ್ಲದು ಎಂಬುದು ಆ ಕಾಲಕ್ಕೆ ಊಹೆಗೆ ಎಟುಕುವಂಥದ್ದಾಗಿರಲಿಲ್ಲ.

ಒಂದು ಕಿಲೋ ಸಕ್ಕರೆಯಲ್ಲಿ ಸುಮಾರು 420 ಗ್ರಾಮ್ ಇಂಗಾಲ, 515 ಗ್ರಾಮ್ ಆಮ್ಲಜನಕ, 65 ಗ್ರಾಮ್ ಜಲಜನಕ ಇದೆ. ಇಂಗಾಲ, ಆಮ್ಲಜನಕ ಎರಡೂ ಬಂದದ್ದು ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ. ಜಲಜನಕ ಬಂದದ್ದು ನೀರಿನಿಂದ. ಅಂದರೆ ಸಕ್ಕರೆಯ ತೂಕದಲ್ಲಿ ನೂರಕ್ಕೆ 93 ಪಾಲು ಗಾಳಿಯದೇ. ಆದರೆ ಗಾಳಿಯ ಹತ್ತು ಸಾವಿರ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್‌ನವು ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಲೆಕ್ಕ ಹಾಕಿದರೆ, ಒಂದು ಕಿಲೋ ಸಕ್ಕರೆಗೆ ಬೇಕಾದ ಇಂಗಾಲ ಸುಮಾರು 2,000 ಘನ ಮೀಟರ್ ಗಾಳಿಯಲ್ಲಿ ಹರಡಿಕೊಂಡಿರುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಎಪ್ಪತ್ತು ಕೋಣೆಗಳ ಗಾಳಿ ಅದು. ಅಷ್ಟನ್ನೂ ಸೋಸಿ ತೆಗೆಯುವ ಕೆಲಸವನ್ನು ಕಬ್ಬಿನ ಗರಿ ಸದ್ದಿಲ್ಲದೆ ಮಾಡುತ್ತದೆ.

ಈ ಕೆಲಸದಲ್ಲಿ ಕಬ್ಬು ಭತ್ತಕ್ಕಿಂತ ಗಟ್ಟಿಗ. ಇಂಗಾಲದ ಡೈಆಕ್ಸೈಡ್ ಹಿಡಿಯುವ ಕಿಣ್ವದ ಹೆಸರು ರುಬಿಸ್ಕೊ. ಅದು ತೀರ ನಿಧಾನಿ. ಸೆಕೆಂಡಿಗೆ ಬೆರಳೆಣಿಕೆಯಷ್ಟು ಅಣುಗಳನ್ನು ಮಾತ್ರ ಹಿಡಿಯುತ್ತದೆ. ಸಾಲದ್ದಕ್ಕೆ ಆಗಾಗ ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನೇ ಹಿಡಿದು, ಆಗಿರುವ ಕೆಲಸವನ್ನೂ ಕೆಡಿಸುತ್ತದೆ. ಸೆಕೆ ಏರಿದಷ್ಟೂ ಈ ಎಡವಟ್ಟು ಹೆಚ್ಚು. ಕಬ್ಬು ಇದಕ್ಕೊಂದು ಉಪಾಯ ಕಂಡುಕೊಂಡಿದೆ. ಎಲೆಯ ನರಗಳ ಹೊರಸುತ್ತಿನ ಕೋಶಗಳು ಬೇರೊಂದು ಚುರುಕು ಕಿಣ್ವದಿಂದ ಇಂಗಾಲವನ್ನು ಹಿಡಿದು, ನಾಲ್ಕು ಇಂಗಾಲದ ಆಮ್ಲವನ್ನಾಗಿ ಮಾಡಿ ಒಳಸುತ್ತಿನ ಕೋಶಗಳಿಗೆ ಕಳಿಸುತ್ತವೆ. ಅಲ್ಲಿ ಆ ಅನಿಲ ಮತ್ತೆ ಬಿಡುಗಡೆಯಾಗಿ ದಟ್ಟೈಸುತ್ತದೆ. ಆ ದಟ್ಟಣೆಯ ನಡುವೆ ರುಬಿಸ್ಕೊ ತಪ್ಪು ಮಾಡಲು ಅವಕಾಶ ಸಿಗುವುದು ತೀರ ಕಡಿಮೆ. ಹವಾಯಿಯ ಕಬ್ಬಿನಲ್ಲಿ ಇದರ ಸುಳಿವನ್ನು 1965ರಲ್ಲಿ ಕೊರ್ಟ್‌ಶಾಕ್ ಮತ್ತು ಸಂಗಡಿಗರು ಪ್ರಕಟಿಸಿದರು. 1966ರಲ್ಲಿ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಅದರ ದಾರಿಯನ್ನು ಬಿಡಿಸಿಟ್ಟರು. ನಮ್ಮ ಜೋಳ, ರಾಗಿ, ಮೆಕ್ಕೆಜೋಳಗಳಿಗೂ ಈ ಉಪಾಯ ಗೊತ್ತು. ವಿಜಯವಾಡದ ಸುತ್ತಿನ ಕೃಷ್ಣಾ ಡೆಲ್ಟಾದ ಭತ್ತಕ್ಕೆ ಗೊತ್ತಿಲ್ಲ. ಭತ್ತಕ್ಕೆ ಅದನ್ನು ಕಲಿಸಲು ಹಲವು ದೇಶಗಳ ವಿಜ್ಞಾನಿಗಳು ಒಟ್ಟಾಗಿ ವರ್ಷಗಳಿಂದ ದುಡಿಯುತ್ತಿದ್ದಾರೆ. ಸುಲಭದ ಕೆಲಸವಲ್ಲ ಅದು, ಎಲೆಯ ಒಳಗಟ್ಟನ್ನೇ ಬದಲಿಸಬೇಕು.

ಎಲೆ ಬಿಡುವ ಆಮ್ಲಜನಕ ಯಾರದು?

ಗಿಡ ಇಂಗಾಲದ ಡೈಆಕ್ಸೈಡ್ ತೆಗೆದುಕೊಂಡು ಆಮ್ಲಜನಕ ಬಿಡುತ್ತದೆ ಎಂದು ಶಾಲೆಯಲ್ಲಿ ಕಲಿತ ನಮಗೆ, ಆ ಅನಿಲವನ್ನೇ ಮುರಿದು ಇಂಗಾಲವನ್ನು ಇಟ್ಟುಕೊಂಡು ಆಮ್ಲಜನಕವನ್ನು ಹೊರಗೆ ಬಿಡುತ್ತದೆ ಎಂದೇ ತೋರುತ್ತದೆ. ವಿಜ್ಞಾನಿಗಳೂ ಬಹುಕಾಲ ಹಾಗೇ ಎಣಿಸಿದ್ದರು. 1941ರಲ್ಲಿ ಅಮೆರಿಕದ ಸ್ಯಾಮ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಸಂಗಡಿಗರು ತುಸು ಭಾರವಾದ ಆಮ್ಲಜನಕ ಸೇರಿದ್ದ ನೀರನ್ನು ಪಾಚಿಗೆ ಕೊಟ್ಟರು. ಹೊರಬಂದ ಆಮ್ಲಜನಕದಲ್ಲಿ ಆ ಭಾರದ ಗುರುತು ಸಿಕ್ಕಿತು. ಇಂಗಾಲದ ಡೈಆಕ್ಸೈಡ್‌ನಲ್ಲಿ ಗುರುತು ಹಾಕಿ ಕೊಟ್ಟಾಗ ಸಿಗಲಿಲ್ಲ. ಅಂದರೆ ಎಲೆ ಮುರಿಯುವುದು ನೀರನ್ನು. ನಾವು ಉಸಿರಾಡುವ ಆಮ್ಲಜನಕವೆಲ್ಲ ಒಂದು ಕಾಲಕ್ಕೆ ನೀರಿನಲ್ಲಿದ್ದದ್ದು.

ನನ್ನ ಮಟ್ಟಿಗೆ ಇಡೀ ಜೀವವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಹೆಚ್ಚಿಲ್ಲ. ನೀರು ಸುಲಭಕ್ಕೆ ಮುರಿಯುವ ವಸ್ತುವಲ್ಲ. ಆಮ್ಲಜನಕ ತನ್ನ ಕೈಗೆ ಸಿಕ್ಕಿದ ಎಲೆಕ್ಟ್ರಾನನ್ನು ಬಲವಾಗಿ ಹಿಡಿದುಕೊಳ್ಳುತ್ತದೆ. ಅದರ ಹಿಡಿತದಿಂದ ಎಲೆಕ್ಟ್ರಾನನ್ನು ಬಿಡಿಸಿ ತರಲು ಎಲೆ ಸೂರ್ಯನ ಬೆಳಕನ್ನು ಬಳಸುತ್ತದೆ. ಪತ್ರಹರಿತ್ತಿನ ಮೇಲೆ ಬಿದ್ದ ಬೆಳಕು ಎಲೆಕ್ಟ್ರಾನನ್ನು ಒಂದು ಮಟ್ಟಕ್ಕೆ ಎತ್ತುತ್ತದೆ. ಅಲ್ಲಿಂದ ತುಸು ಇಳಿದ ಎಲೆಕ್ಟ್ರಾನನ್ನು ಎರಡನೆಯ ಸಲ ಬಿದ್ದ ಬೆಳಕು ಇನ್ನೂ ಮೇಲಕ್ಕೆ ಎತ್ತುತ್ತದೆ. ಹಾಗೆ ಎತ್ತರಕ್ಕೇರಿದ ಎಲೆಕ್ಟ್ರಾನುಗಳನ್ನು, ಗಾಳಿಯಿಂದ ಹಿಡಿದ ಇಂಗಾಲದ ಜೊತೆ ಕಟ್ಟಿಹಾಕಿದರೆ ಆಗುವುದೇ ಸಕ್ಕರೆ. ಈ ಕಟ್ಟುವ ದಾರಿಯನ್ನು ಮೆಲ್ವಿನ್ ಕ್ಯಾಲ್ವಿನ್ ಮತ್ತು ಸಂಗಡಿಗರು ವಿಕಿರಣಶೀಲ ಇಂಗಾಲವನ್ನು ಪಾಚಿಗೆ ಉಣಿಸಿ ಹೆಜ್ಜೆ ಹೆಜ್ಜೆಯಾಗಿ ಪತ್ತೆ ಮಾಡಿದರು. ಅದಕ್ಕೆ 1961ರ ನೊಬೆಲ್ ಬಂತು. ಎಲೆ ಮೊದಲು ಕಟ್ಟುವುದು ಮೂರು ಇಂಗಾಲದ ಚಿಕ್ಕ ಸಕ್ಕರೆಯನ್ನು. ಎರಡನ್ನು ಬೆಸೆದರೆ ಗ್ಲೂಕೋಸ್‌ನ ಕುಟುಂಬದ ಆರು ಇಂಗಾಲದ ಸಕ್ಕರೆಗಳು. ಅಲ್ಲಿಂದ ಮುಂದೆ ದಂಟಿನಲ್ಲಿ ಸಾಗಿಸಲು ಕಬ್ಬಿನ ಸಕ್ಕರೆ, ಕೂಡಿಡಲು ಪಿಷ್ಟ, ನೆಟ್ಟಗೆ ನಿಲ್ಲಲು ನಾರು. ಅಕ್ಕಿಯೂ ಹತ್ತಿಯೂ ಒಂದೇ ಗ್ಲೂಕೋಸ್‌ನ ಸಾಲುಗಳು. ಕೊಂಡಿ ಹಾಕಿದ ಬಗೆ ಬೇರೆ, ಅಷ್ಟೆ. ಆ ಸಣ್ಣ ಬೇರೆತನದಿಂದಾಗಿ ಅಕ್ಕಿ ನಮಗೆ ಅರಗುತ್ತದೆ, ಹತ್ತಿ ಅರಗುವುದಿಲ್ಲ.

ಗ್ಲೂಕೋಸ್ ಅಂದರೆ ಶಕ್ತಿ ಎಂದು ಜಾಹೀರಾತುಗಳು ಹೇಳುತ್ತವೆ. ಇನ್ನೂ ಸರಿಯಾಗಿ ಹೇಳುವುದಾದರೆ, ಗ್ಲೂಕೋಸ್ ಅಂದರೆ ಸೂರ್ಯ ಎತ್ತರಕ್ಕೆ ಏರಿಸಿ ನಿಲ್ಲಿಸಿದ ಎಲೆಕ್ಟ್ರಾನುಗಳು. ಶಕ್ತಿ ಬರುವುದು ಅವು ಮತ್ತೆ ಆಮ್ಲಜನಕದ ಕಡೆಗೆ ಇಳಿಯುವಾಗ.

ಕೃಷ್ಣೆಯ ಮೆಟ್ಟಿಲುಗಳು

ಇಳಿಯುವುದು ಹೇಗೆ ಎಂಬುದಕ್ಕೆ ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತು ಕೃಷ್ಣೆಯನ್ನು ನೋಡಬೇಕು. ಅರಬ್ಬೀ ಸಮುದ್ರದ ನೀರನ್ನು ಸೂರ್ಯ ಆವಿಯಾಗಿಸಿ ಎತ್ತುತ್ತಾನೆ. ಅದು ಮಹಾಬಲೇಶ್ವರದ ಬಳಿ 1,300 ಮೀಟರಿಗೂ ಮೀರಿದ ಎತ್ತರದಲ್ಲಿ ಮಳೆಯಾಗಿ ಸುರಿದು ಕೃಷ್ಣೆಯಾಗುತ್ತದೆ. ಆ ನೀರೆಲ್ಲ ಒಂದೇ ಪ್ರಪಾತದಲ್ಲಿ ಸಮುದ್ರಕ್ಕೆ ಬಿದ್ದಿದ್ದರೆ ಭೋರ್ಗರೆತ ಬಿಟ್ಟು ಬೇರೇನೂ ದಕ್ಕುತ್ತಿರಲಿಲ್ಲ. ಆದರೆ ಕೃಷ್ಣೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾಳೆ. ನಮ್ಮ ಆಲಮಟ್ಟಿಯಲ್ಲಿ ತುಂಬಿದ ಜಲಾಶಯದ ಮಟ್ಟ ಸಮುದ್ರಕ್ಕಿಂತ 519.6 ಮೀಟರ್ ಮೇಲೆ. ಜುರಾಲದಲ್ಲಿ 318.5 ಮೀಟರ್. ಶ್ರೀಶೈಲದಲ್ಲಿ 885 ಅಡಿ, ಅಂದರೆ 270 ಮೀಟರಿನ ಹತ್ತಿರ. ನಾಗಾರ್ಜುನಸಾಗರದಲ್ಲಿ 590 ಅಡಿ. ಪುಲಿಚಿಂತಲದಲ್ಲಿ 175 ಅಡಿ. ಈ ಮೆಟ್ಟಿಲುಗಳಲ್ಲೆಲ್ಲ ನೀರು ಚಕ್ರಗಳನ್ನು ತಿರುಗಿಸಿ ವಿದ್ಯುತ್ ಕೊಡುತ್ತದೆ. ವಿಜಯವಾಡಕ್ಕೆ ಬರುವ ಹೊತ್ತಿಗೆ ಉಳಿದ ಎತ್ತರ 57 ಅಡಿ. ಅಲ್ಲಿ ಬ್ಯಾರೇಜು ನೀರನ್ನು ಕಾಲುವೆಗಳಿಗೆ ಹಂಚುತ್ತದೆ, ಮಿಕ್ಕದ್ದು ಹಂಸಲದೀವಿಯ ಬಳಿ ಸಮುದ್ರ ಸೇರುತ್ತದೆ.

ಒಲೆಯ ಬೆಂಕಿ ಎಂದರೆ ಒಂದೇ ಪ್ರಪಾತ. ಸಕ್ಕರೆಯ ಎಲೆಕ್ಟ್ರಾನುಗಳು ಒಂದೇ ನೆಗೆತಕ್ಕೆ ಆಮ್ಲಜನಕವನ್ನು ಸೇರುತ್ತವೆ, ಶಕ್ತಿಯೆಲ್ಲ ಶಾಖವೂ ಬೆಳಕೂ ಆಗಿ ಹೋಗುತ್ತದೆ. ಜೀವಕೋಶ ಅಣೆಕಟ್ಟುಗಳನ್ನು ಕಟ್ಟಿಕೊಂಡಿದೆ. ಗ್ಲೂಕೋಸನ್ನು ಅದು ಮೊದಲು ಎರಡು ತುಂಡು ಮಾಡುತ್ತದೆ. ಆ ತುಂಡುಗಳನ್ನು ಮೈಟೊಕಾಂಡ್ರಿಯ ಎಂಬ ಒಳಚೀಲಕ್ಕೆ ಒಯ್ದು, ಇಂಗಾಲವನ್ನು ಒಂದೊಂದಾಗಿ ಬಿಡಿಸುತ್ತದೆ. ಬಿಡಿಸಿದ ಇಂಗಾಲವೇ ನಾವು ಉಸಿರು ಬಿಡುವಾಗ ಹೊರಹೋಗುವ ಇಂಗಾಲದ ಡೈಆಕ್ಸೈಡ್. ಉಪವಾಸ, ಓಟಗಳಿಂದ ತೂಕ ಇಳಿಸಿಕೊಂಡವರ ಕೊಬ್ಬು ಬೆವರಾಗಿ ಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಅದರ ಬಹುಪಾಲು ಹೋದದ್ದು ಹೀಗೆ, ಮೂಗಿನಿಂದ. ಇಂಗಾಲ ಬಿಟ್ಟುಕೊಟ್ಟ ಎಲೆಕ್ಟ್ರಾನುಗಳನ್ನು ಮಾತ್ರ ಕೋಶ ಜೋಪಾನವಾಗಿ ಇಟ್ಟುಕೊಂಡು, ಒಳಪೊರೆಯಲ್ಲಿ ಸಾಲಾಗಿ ಕೂತಿರುವ ಪ್ರೋಟೀನುಗಳಿಗೆ ಕೊಡುತ್ತದೆ. ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಇಳಿಯುತ್ತಾ ಕೊನೆಗೆ ಅವು ಆಮ್ಲಜನಕವನ್ನು ಮುಟ್ಟುತ್ತವೆ. ಅಲ್ಲಿ ಆಗುವುದು ನೀರು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಬಿಟ್ಟುಹೋಗಬೇಕು. ಒಳಗೆ ಎಳೆದುಕೊಂಡ ಆಮ್ಲಜನಕವೇ ಇಂಗಾಲಕ್ಕೆ ಅಂಟಿ ಹೊರಬರುತ್ತದೆ ಎಂದು ನಮಗನ್ನಿಸುತ್ತದೆ. ಹಾಗಲ್ಲ. ನಾವು ಉಸಿರಾಡಿದ ಆಮ್ಲಜನಕ ನೀರಾಗುತ್ತದೆ. ಹೀಗೆ ಮೈಯೊಳಗೇ ಹುಟ್ಟುವ ನೀರು ದಿನಕ್ಕೆ ಸುಮಾರು 300 ಮಿಲಿಲೀಟರ್. ಎಲೆ ನೀರನ್ನು ಒಡೆದು ಆಮ್ಲಜನಕ ಬಿಟ್ಟಿತ್ತು, ನಾವು ಆ ಆಮ್ಲಜನಕವನ್ನು ಮತ್ತೆ ನೀರು ಮಾಡಿದೆವು.

ಭೀಮವರಂನಿಂದ ಹೊರಟವರು

ಆಲಮಟ್ಟಿಯ ನೀರು ಇಳಿದರೆ ವಿದ್ಯುತ್ ಹುಟ್ಟುತ್ತದೆ. ಎಲೆಕ್ಟ್ರಾನುಗಳು ಇಳಿದರೆ ಹುಟ್ಟುವುದೇನು? ಸ್ನಾಯು ಸೆಳೆಯಲು, ಹೃದಯ ಬಡಿಯಲು, ಮಿದುಳು ಯೋಚಿಸಲು ನೇರ ಬಳಸುವ ವಸ್ತು ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಒಬ್ಬರು ವಿಜಯವಾಡ ಮತ್ತು ವಿಶಾಖಪಟ್ಟಣಗಳ ನಡುವಿನ ಭೀಮವರಂನಲ್ಲಿ 1895ರ ಜನವರಿ 12ರಂದು ಹುಟ್ಟಿದರು. ಅವರು ಯಲ್ಲಾಪ್ರಗಡ ಸುಬ್ಬರಾವ್. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಅದರಿಂದ ಆಂಗ್ಲ ಪ್ರಾಧ್ಯಾಪಕರ ಸಿಟ್ಟಿಗೆ ಗುರಿಯಾಗಿ, ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್ಎಂಎಸ್ ಪದವಿಗೆ ತೃಪ್ತಿಪಡಬೇಕಾಯಿತು. ಅಣ್ಣ ತಮ್ಮಂದಿರನ್ನು ಕಾಯಿಲೆಗೆ ಕಳೆದುಕೊಂಡಿದ್ದ ಅವರು ಔಷಧ ಹುಡುಕುವ ಹಟದಿಂದ 1920ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಬಾಸ್ಟನ್ ಸೇರಿದರು.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಕೆಲಸ ಮಾಡುತ್ತ ಅವರು ಮೊದಲು ರೂಪಿಸಿದ್ದು, ರಕ್ತ ಮತ್ತು ಮೂತ್ರದಲ್ಲಿರುವ ರಂಜಕವನ್ನು ಅಳೆಯುವ ಒಂದು ಸರಳ ವಿಧಾನ. ರಂಜಕವಿದ್ದಷ್ಟೂ ನೀಲಿ ಬಣ್ಣ ಗಾಢವಾಗುತ್ತದೆ. 1925ರಲ್ಲಿ ಪ್ರಕಟವಾದ ಆ ವಿಧಾನ ಫಿಸ್ಕ್–ಸುಬ್ಬರಾವ್ ಹೆಸರಿನಲ್ಲೇ ಜಗತ್ತಿನ ಪ್ರಯೋಗಾಲಯಗಳಲ್ಲಿ ನೆಲೆನಿಂತಿತು. ಅದನ್ನು ಸ್ನಾಯುವಿನ ಮೇಲೆ ಪ್ರಯೋಗಿಸಿದಾಗ ನೀಲಿ ಬಣ್ಣ ಬರಬೇಕಾದ ವೇಗದಲ್ಲಿ ಬರಲಿಲ್ಲ, ತಡವಾಗಿ ನಿಧಾನಕ್ಕೆ ಏರಿತು. ಇನ್ನೊಬ್ಬರಾಗಿದ್ದರೆ ಅಳತೆ ಕೆಟ್ಟಿತೆಂದು ಚೆಲ್ಲಿಬಿಡುತ್ತಿದ್ದರೋ ಏನೋ. ಇವರು ಆ ತಡವನ್ನೇ ಹಿಂಬಾಲಿಸಿದರು. ರಂಜಕ ಸಡಿಲವಾಗಿ ಅಂಟಿಕೊಂಡಿದ್ದ ಒಂದು ಹೊಸ ವಸ್ತು ಸಿಕ್ಕಿತು. ಅದು ಫಾಸ್ಫೊಕ್ರಿಯಾಟಿನ್. ಸ್ನಾಯುವನ್ನು ದಣಿಸಿದರೆ ಅದು ಕರಗುತ್ತಿತ್ತು, ವಿಶ್ರಾಂತಿ ಕೊಟ್ಟರೆ ಮತ್ತೆ ತುಂಬುತ್ತಿತ್ತು.

ಇದು ಎಂಥ ಪೇಚು ತಂದಿತು ನೋಡಿ. ಸ್ನಾಯುವಿನಲ್ಲಿ ಹುಟ್ಟುವ ಶಾಖವನ್ನು ಅಳೆದದ್ದಕ್ಕೆ ಹಿಲ್ ಅವರಿಗೂ, ಸ್ನಾಯುವಿನ ಆಮ್ಲಜನಕ ಬಳಕೆಗೂ ಲ್ಯಾಕ್ಟಿಕ್ ಆಮ್ಲಕ್ಕೂ ಇರುವ ನಂಟನ್ನು ತೋರಿಸಿದ್ದಕ್ಕೆ ಮೇಯರ್‌ಹಾಫ್ ಅವರಿಗೂ 1922ರ ನೊಬೆಲ್ ಸಂದಿತ್ತು. ಆ ಆಮ್ಲವೇ ಸೆಳೆತಕ್ಕೆ ಕಾರಣ ಎಂದು ಜಗತ್ತು ನಂಬಿತ್ತು. ಫಿಸ್ಕ್ ಮತ್ತು ಸುಬ್ಬರಾವ್ 1927ರಲ್ಲಿ ತಮ್ಮ ವಸ್ತುವನ್ನು ಪ್ರಕಟಿಸಿದ ಮೇಲೆ ಆ ನಂಬಿಕೆ ಅಲುಗಾಡಿತು. ಲ್ಯಾಕ್ಟಿಕ್ ಆಮ್ಲ ಹುಟ್ಟದಂತೆ ತಡೆದರೂ ಸ್ನಾಯು ಸೆಳೆಯುತ್ತದೆ ಎಂದು ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್ 1930ರಲ್ಲಿ ತೋರಿಸಿದಾಗ ಅದು ಬಿದ್ದೇಹೋಯಿತು. ಅಷ್ಟರಲ್ಲಿ, 1929ರಲ್ಲಿ, ಇದೇ ಇಬ್ಬರು ಸ್ನಾಯುವಿನಿಂದ ಇನ್ನೊಂದು ವಸ್ತುವನ್ನು ಬೇರ್ಪಡಿಸಿದ್ದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಅದನ್ನು ಕಂಡುಹಿಡಿದರು. ಅದರ ಹೆಸರು ಅಡೆನೋಸಿನ್ ಟ್ರೈಫಾಸ್ಫೇಟ್, ಚಿಕ್ಕದಾಗಿ ಎಟಿಪಿ.

ಎಟಿಪಿಯ ಬಾಲದಲ್ಲಿ ಮೂರು ಫಾಸ್ಫೇಟ್ ಗುಂಪುಗಳಿವೆ. ಮೂರೂ ಋಣ ವಿದ್ಯುದಂಶ ಹೊತ್ತವು, ಒಂದನ್ನೊಂದು ದೂಡುತ್ತವೆ. ಕೊನೆಯದು ಕಳಚಿದರೆ ಒಂದಿಷ್ಟು ಶಕ್ತಿ ಸಿಗುತ್ತದೆ. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಕೋಶದ ಒಂದು ಸಣ್ಣ ಕೆಲಸಕ್ಕೆ ಆಗುವಷ್ಟು. ಕಳಚಿದ್ದನ್ನು ಮತ್ತೆ ಅಂಟಿಸಲು ಗ್ಲೂಕೋಸ್‌ನ ಶಕ್ತಿ ಬೇಕು. ಬ್ಯಾಕ್ಟೀರಿಯ, ಬೂಸ್ಟು, ಬೇವಿನ ಮರ, ಎಮ್ಮೆ, ಮನುಷ್ಯ, ಎಲ್ಲರಲ್ಲೂ ಹೆಚ್ಚಿನ ಕೆಲಸ ನಡೆಯುವುದು ಈ ಒಂದೇ ಅಣುವಿನಿಂದ. ನಮ್ಮ ಮೈಯಲ್ಲಿ ಯಾವುದೇ ಗಳಿಗೆಯಲ್ಲಿ ಇರುವ ಎಟಿಪಿ ಕಾಲು ಕಿಲೋ ಮೀರದು. ಆದರೆ ಕಳಚುತ್ತ ಅಂಟುತ್ತ ಅದು ದಿನವಿಡೀ ಸುತ್ತುವುದರಿಂದ, ಒಂದು ದಿನದಲ್ಲಿ ನಾವು ಬಳಸುವ ಒಟ್ಟು ಎಟಿಪಿ ನಮ್ಮ ಮೈತೂಕದ ಆಸುಪಾಸಿಗೆ ಬರುತ್ತದೆ.

ಪೊರೆಯಲ್ಲಿ ತಿರುಗುವ ಚಕ್ರ

ಎಲೆಕ್ಟ್ರಾನಿನ ಇಳಿತ ಎಟಿಪಿಯನ್ನು ಅಂಟಿಸುವುದು ಹೇಗೆ ಎಂಬುದು ಮಾತ್ರ ಇನ್ನೂ ಮೂವತ್ತು ವರ್ಷ ಬಗೆಹರಿಯಲಿಲ್ಲ. ಎರಡರ ನಡುವೆ ಯಾವುದೋ ಮಧ್ಯವರ್ತಿ ರಾಸಾಯನಿಕ ಇರಬೇಕೆಂದು ದೊಡ್ಡ ದೊಡ್ಡ ಪ್ರಯೋಗಾಲಯಗಳು ಹುಡುಕಿ ಹುಡುಕಿ ಸೋತವು. 1961ರಲ್ಲಿ ಇಂಗ್ಲೆಂಡಿನ ಪೀಟರ್ ಮಿಚೆಲ್, ಅಂಥ ರಾಸಾಯನಿಕವೇ ಇಲ್ಲ ಎಂದರು. ಎಲೆಕ್ಟ್ರಾನುಗಳು ಇಳಿಯುವ ಶಕ್ತಿಯಿಂದ ಪ್ರೋಟಾನುಗಳನ್ನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಜಲಜನಕವನ್ನು, ಪೊರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಪಂಪು ಮಾಡಲಾಗುತ್ತದೆ. ಒಂದು ಬದಿಯಲ್ಲಿ ಒತ್ತೊತ್ತಾಗಿ ತುಂಬಿಕೊಂಡ ಅವು ವಾಪಸು ನುಗ್ಗಲು ಕಾಯುತ್ತಿರುತ್ತವೆ. ಬಿಟ್ಟಿರುವ ದಾರಿ ಒಂದೇ. ಆ ದಾರಿಯಲ್ಲಿ ನುಗ್ಗುವಾಗ ಎಟಿಪಿ ತಯಾರಾಗುತ್ತದೆ.

ಶ್ರೀಶೈಲದ ಎಡದಂಡೆಯ ವಿದ್ಯುದಾಗಾರದಲ್ಲಿ ಹೀಗೇ ನಡೆಯುತ್ತದೆ. ಅಲ್ಲಿಯ ಯಂತ್ರಗಳು ಬೇಕಾದಾಗ ವಿದ್ಯುತ್ ಬಳಸಿ ಕೆಳಗಿನ ನೀರನ್ನು ಜಲಾಶಯಕ್ಕೆ ಮೇಲೆತ್ತುತ್ತವೆ, ಬೇಕಾದಾಗ ಅದೇ ನೀರನ್ನು ಇಳಿಬಿಟ್ಟು ವಿದ್ಯುತ್ ಕೊಡುತ್ತವೆ. ಕೋಶದ ಯಂತ್ರಕ್ಕೂ ಈ ಎರಡೂ ದಿಕ್ಕಿನ ಗುಣವಿದೆ. ಪ್ರೋಟಾನ್ ಇಳಿದರೆ ಎಟಿಪಿ ಮಾಡುತ್ತದೆ. ಎಟಿಪಿ ಹೆಚ್ಚಿ ಪ್ರೋಟಾನ್ ಕಡಿಮೆಯಿದ್ದರೆ ತಿರುವುಮುರುವಾಗಿ ತಿರುಗಿ ಪಂಪು ಮಾಡಬಲ್ಲದು.

ಮಿಚೆಲ್ ಮಾತನ್ನು ಮೊದಮೊದಲು ಹೆಚ್ಚಿನವರು ನಂಬಲಿಲ್ಲ. 1966ರಲ್ಲಿ ಅಮೆರಿಕದ ಆಂಡ್ರೆ ಯಾಗೆಂಡಾರ್ಫ್ ಮತ್ತು ಅರ್ನೆಸ್ಟ್ ಉರಿಬೆ ಮಾಡಿದ ಪ್ರಯೋಗ ನನಗೆ ತುಂಬ ಇಷ್ಟ, ಅಷ್ಟು ಸರಳ ಅದು. ಪಾಲಕ್ ಸೊಪ್ಪಿನ ಹರಿತ್ತಿನ ಚೀಲಗಳನ್ನು ಕತ್ತಲೆಯಲ್ಲಿ ಹುಳಿ ದ್ರಾವಣದಲ್ಲಿ ನೆನೆಸಿ, ಒಳಗೆಲ್ಲ ಪ್ರೋಟಾನ್ ತುಂಬಿಸಿದರು. ಆಮೇಲೆ ಥಟ್ಟನೆ ಹೊರಗಿನ ಹುಳಿಯನ್ನು ತೆಗೆದುಬಿಟ್ಟರು. ಒಳಗಿನ ಪ್ರೋಟಾನುಗಳು ಹೊರನುಗ್ಗಿದವು, ಎಟಿಪಿ ತಯಾರಾಯಿತು. ಬೆಳಕಿರಲಿಲ್ಲ, ಎಲೆಕ್ಟ್ರಾನುಗಳ ಇಳಿತ ಇರಲಿಲ್ಲ. ಪೊರೆಯ ಎರಡು ಬದಿಯ ವ್ಯತ್ಯಾಸ ಒಂದೇ ಸಾಕಾಗಿತ್ತು. ಮಿಚೆಲ್‌ಗೆ 1978ರಲ್ಲಿ ನೊಬೆಲ್ ಬಂತು. ಆ ಯಂತ್ರ ನಿಜವಾಗಿಯೂ ತಿರುಗುವ ಚಕ್ರ ಎಂಬುದನ್ನು ಪಾಲ್ ಬಾಯರ್ ಊಹಿಸಿದರು, ಜಾನ್ ವಾಕರ್ ಅದರ ರಚನೆಯಲ್ಲಿ ಕಂಡರು. ಅವರಿಬ್ಬರಿಗೂ 1997ರ ನೊಬೆಲ್. ಅದೇ ವರ್ಷ ಜಪಾನಿನ ವಿಜ್ಞಾನಿಗಳು ಚಕ್ರದ ಅಚ್ಚಿಗೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಅದು ಗರಗರ ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಚಿತ್ರೀಕರಿಸಿದರು. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು ಬರಬಲ್ಲ ಈ ಚಕ್ರ ಸುತ್ತಿಗೆ ಮೂರರಂತೆ ಎಟಿಪಿ ಉದುರಿಸುತ್ತದೆ. ಒಂದು ಗ್ಲೂಕೋಸ್ ಪೂರ್ತಿ ಇಳಿದು ಮುಗಿದರೆ ಒಟ್ಟು ಸುಮಾರು ಮೂವತ್ತು ಎಟಿಪಿ. ಶಕ್ತಿಯ ಮೂರನೆಯ ಒಂದು ಪಾಲಿಗೂ ಹೆಚ್ಚು ಹೀಗೆ ಕೈಗೆ ಸಿಗುತ್ತದೆ, ಉಳಿದದ್ದು ಮೈ ಬೆಚ್ಚಗಿಡುತ್ತದೆ.

ಬೆಂಕಿಯಿಲ್ಲದೆ ಬೆಲ್ಲ ಉರಿಯುವ ಬಗೆ ಇದು. ಎಲೆಯಲ್ಲೂ ಇಂಥದೇ ಚಕ್ರವಿದೆ. ಬೆಳಕು ಎತ್ತಿದ ಎಲೆಕ್ಟ್ರಾನುಗಳು ಇಳಿಯುವ ನಡುದಾರಿಯಲ್ಲಿ ಅಲ್ಲೂ ಪ್ರೋಟಾನ್ ಪಂಪು ನಡೆದು ಎಟಿಪಿ ಹುಟ್ಟುತ್ತದೆ. ಅದನ್ನು ಬಳಸಿಯೇ ಎಲೆ ಸಕ್ಕರೆ ಕಟ್ಟುತ್ತದೆ. ದ್ಯುತಿಸಂಶ್ಲೇಷಣೆ ಮತ್ತು ಉಸಿರಾಟ ಒಂದಕ್ಕೊಂದು ವಿರುದ್ಧ ಎಂದು ಪಾಠದಲ್ಲಿ ಬರುತ್ತದೆ. ವಸ್ತುಗಳ ಲೆಕ್ಕದಲ್ಲಿ ಅದು ನಿಜ. ಯಂತ್ರದ ಲೆಕ್ಕದಲ್ಲಿ ಎರಡೂ ಒಂದೇ ಮನೆತನದವು.

ಹುಣಸೆ ಮರದಡಿ ಮಲಗುವ ಭಯ

ಗಿಡವೂ ಉಸಿರಾಡುತ್ತದೆ, ಹಗಲೂ ರಾತ್ರಿಯೂ. ಬೇರಿಗೆ ಬಿಸಿಲಿಲ್ಲ, ಮೊಳೆಯುವ ಬೀಜಕ್ಕೆ ಎಲೆಯಿಲ್ಲ. ಅವೆಲ್ಲ ಬದುಕುವುದು ಎಲೆ ಕಳಿಸಿದ, ಅಥವಾ ತಾಯಿ ಗಿಡ ಕೂಡಿಟ್ಟ, ಸಕ್ಕರೆಯನ್ನು ನಮ್ಮ ಹಾಗೇ ಇಳಿಸಿಕೊಂಡು. ಹಗಲಿನಲ್ಲಿ ಕಟ್ಟುವುದು ಹೆಚ್ಚಾದ್ದರಿಂದ ಉಸಿರಾಟ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದು, ಮರ ವಿಷಗಾಳಿ ಬಿಡುತ್ತದೆ ಎಂಬ ಮಾತಿನಲ್ಲಿ ಇಷ್ಟು ಸತ್ಯವಿದೆ. ಆದರೆ ಬಯಲಿನಲ್ಲಿ ಆ ಅನಿಲ ಅಲ್ಲಲ್ಲೇ ಚದುರಿಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಪಕ್ಕದಲ್ಲಿ ಮಲಗಿದವರು ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ, ಅದಕ್ಕೆ ಯಾರೂ ಹೆದರುವುದಿಲ್ಲ. ಅರಳಿ ಮರ ಇಪ್ಪತ್ತನಾಲ್ಕು ಗಂಟೆಯೂ ಆಮ್ಲಜನಕ ಕೊಡುತ್ತದೆ ಎಂಬ ಮಾತನ್ನು ಮಾತ್ರ ಬಿಟ್ಟುಬಿಡಬೇಕು. ಬೆಳಕಿಲ್ಲದೆ ಯಾವ ಎಲೆಯೂ ನೀರನ್ನು ಒಡೆಯಲಾರದು.

ವಿಶಾಖಪಟ್ಟಣದಿಂದ ಹೊರಟ ರೈಲು

2021ರ ಏಪ್ರಿಲ್ 22ರ ರಾತ್ರಿ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಿಂದ ಏಳು ಟ್ಯಾಂಕರ್ ದ್ರವ ಆಮ್ಲಜನಕ ಹೊತ್ತ ರೈಲು ಮಹಾರಾಷ್ಟ್ರಕ್ಕೆ ಹೊರಟಿತು. ದೇಶದ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ಅದು. ಕರಗಿದ ಕಬ್ಬಿಣದಲ್ಲಿ ಬೆರೆತ ಇಂಗಾಲವನ್ನು ಉರಿಸಿ ತೆಗೆಯಲು ಉಕ್ಕಿನ ಕಾರ್ಖಾನೆಗಳು ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಇಟ್ಟುಕೊಳ್ಳುತ್ತವೆ. ಕೊರೊನಾದ ಎರಡನೆಯ ಅಲೆಯಲ್ಲಿ ಅದು ಜನರ ಶ್ವಾಸಕೋಶಕ್ಕೆ ಬೇಕಾಯಿತು. ಮೇ 11ರಂದು ಟಾಟಾನಗರದಿಂದ ಅಂಥದೊಂದು ರೈಲು ಬೆಂಗಳೂರಿನ ವೈಟ್‌ಫೀಲ್ಡ್‌ಗೂ ಬಂತು. ಬೆರಳಿಗೆ ಸಿಕ್ಕಿಸಿದ ಪುಟ್ಟ ಯಂತ್ರದ ಅಂಕಿಯನ್ನು ಮನೆ ಮಂದಿಯೆಲ್ಲ ಉಸಿರು ಬಿಗಿಹಿಡಿದು ನೋಡಿದ ದಿನಗಳು ಅವು.

ಉಸಿರಿಗೆ ಪರದಾಡಿದ ಆ ಕೊರೊನಾ ರೋಗಿಗಳ ರಕ್ತದಲ್ಲಿ ಗ್ಲೂಕೋಸ್‌ಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಇಳಿತದ ಕೊನೆಯ ಹಂತದಲ್ಲಿ. ಕೃಷ್ಣೆಯನ್ನು ಸಮುದ್ರ ಒಳಗೆ ಬಿಟ್ಟುಕೊಳ್ಳದಿದ್ದರೆ ಏನಾಗುತ್ತದೆ ಎಂದು ಯೋಚಿಸಿ. ಮೊದಲು ಡೆಲ್ಟಾ ತುಂಬುತ್ತದೆ, ಆಮೇಲೆ ಪುಲಿಚಿಂತಲ, ನಾಗಾರ್ಜುನಸಾಗರ, ಶ್ರೀಶೈಲ. ಎಲ್ಲ ಕಡೆ ಮಟ್ಟ ಒಂದೇ ಆಗಿ ಚಕ್ರಗಳು ನಿಲ್ಲುತ್ತವೆ. ಆಮ್ಲಜನಕ ಸಿಗದಿದ್ದರೆ ಎಲೆಕ್ಟ್ರಾನುಗಳು ಮುಂದೆ ಹೋಗಲು ಎಡೆಯಿಲ್ಲದೆ ಸಾಲುಸಾಲಾಗಿ ನಿಂತುಬಿಡುತ್ತವೆ, ಪಂಪು ನಿಲ್ಲುತ್ತದೆ, ಎಟಿಪಿ ನಿಲ್ಲುತ್ತದೆ. ಸಯನೈಡ್ ಕೊಲ್ಲುವುದೂ ಇದೇ ಜಾಗದಲ್ಲಿ ಕೂತು. ಆಮ್ಲಜನಕಕ್ಕೆ ಎಲೆಕ್ಟ್ರಾನ್ ದಾಟಿಸುವ ಕೊನೆಯ ಪ್ರೋಟೀನನ್ನು ಅದು ಮುಚ್ಚಿಬಿಡುತ್ತದೆ. ಆಗ ಸುತ್ತ ಎಷ್ಟು ಆಮ್ಲಜನಕ ಇದ್ದರೂ ಪ್ರಯೋಜನವಿಲ್ಲ. ಕಹಿ ಮರಗೆಣಸನ್ನು ಹೆಚ್ಚಿ, ಬೇಯಿಸಿ, ನೀರು ಚೆಲ್ಲಿ ತಿನ್ನುವ ರೂಢಿಯ ಹಿಂದೆ ಈ ವಿಷವೇ ಇದೆ.

ಆಮ್ಲಜನಕ ಇಲ್ಲದೆಯೂ ಗ್ಲೂಕೋಸ್‌ನಿಂದ ಸ್ವಲ್ಪ ಪಡೆಯಬಹುದು, ಎರಡು ಎಟಿಪಿ ಮಾತ್ರ. ಈಚಲ ನೀರಾ ಸೇಂದಿಯಾಗುವಾಗ ಯೀಸ್ಟು ಮಾಡುವುದು ಅದನ್ನು. ಜೋರಾಗಿ ಓಡುವಾಗ ನಮ್ಮ ಸ್ನಾಯು ಮಾಡುವುದೂ ಅದನ್ನೇ. ಇನ್ನೂ ವಿಚಿತ್ರವೆಂದರೆ, ಮೈತುಂಬ ಆಮ್ಲಜನಕ ಹಂಚುವ ಕೆಂಪು ರಕ್ತಕಣಗಳಿಗೆ ಮೈಟೊಕಾಂಡ್ರಿಯವೇ ಇಲ್ಲ. ಅವು ತಾವು ಹೊತ್ತ ಆಮ್ಲಜನಕವನ್ನು ಮುಟ್ಟದೆ, ಗ್ಲೂಕೋಸ್‌ನ ಆ ಎರಡು ಎಟಿಪಿಯಲ್ಲೇ ಬದುಕುತ್ತವೆ.

ರಕ್ತದ ಒಂದು ಚಮಚ

ಆರೋಗ್ಯವಂತ ವಯಸ್ಕರ ಐದು ಲೀಟರ್ ರಕ್ತದಲ್ಲಿ ಇರುವ ಗ್ಲೂಕೋಸ್ ಒಟ್ಟು ನಾಲ್ಕೈದು ಗ್ರಾಮ್, ಒಂದು ಟೀ ಚಮಚದಷ್ಟು. ಮಿದುಳೊಂದೇ ದಿನಕ್ಕೆ 120 ಗ್ರಾಮಿನಷ್ಟು ಬಳಸುತ್ತದೆ. ಹಾಗಾಗಿ ಆ ಚಮಚ ಬರಿದಾಗದಂತೆಯೂ ತುಳುಕದಂತೆಯೂ ಕಾಯುವುದು ಪಿತ್ತಜನಕಾಂಗದ ದೊಡ್ಡ ಕೆಲಸ. ಊಟದ ಹೆಚ್ಚುವರಿಯನ್ನು ಅದು ಗ್ಲೈಕೋಜನ್ ಎಂಬ ಸಾಲುಗಳಾಗಿ ಸುಮಾರು 100 ಗ್ರಾಮ್ ಕೂಡಿಟ್ಟು, ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಊಟದ ಬಳಿಕ ಸ್ನಾಯುಗಳ ಒಳಕ್ಕೆ ಗ್ಲೂಕೋಸ್ ಹೋಗಲು ಇನ್ಸುಲಿನ್ ಬೇಕು. ಅದು ಕೊರತೆಯಾದಾಗ, ಇಲ್ಲವೇ ಕೋಶಗಳು ಅದಕ್ಕೆ ಓಗೊಡದಾಗ, ರಕ್ತದಲ್ಲಿ ಗ್ಲೂಕೋಸ್ ತುಂಬಿದ್ದರೂ ಸ್ನಾಯುಗಳ ಒಳಕ್ಕೆ ಅದು ಬೇಕಾದಷ್ಟು ಹೋಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಸುಸ್ತಾಗುವುದಕ್ಕೆ ಇದೂ ಒಂದು ಕಾರಣ. ಬೆಲ್ಲದಲ್ಲಿ ಒಂದಿಷ್ಟು ಖನಿಜಗಳು ಇರುವುದು ನಿಜ. ಆದರೆ ಅದರ ಬಹುಭಾಗ ಅಂಗಡಿಯ ಬಿಳಿ ಸಕ್ಕರೆಯಲ್ಲಿರುವ ಸಕ್ಕರೆಯೇ, ಅದರ ಅರ್ಧ ಗ್ಲೂಕೋಸೇ. ಸಕ್ಕರೆ ಕಾಯಿಲೆ ಇರುವವರು ಬೆಲ್ಲ ಪರವಾಗಿಲ್ಲ ಎಂಬ ಮಾತಿಗೆ ದಯವಿಟ್ಟು ಕಿವಿಗೊಡಬಾರದು.

ಈ ಇಳಿತದಿಂದ ಹುಟ್ಟುವ ಎಟಿಪಿಯನ್ನು ಕಂಡವರಲ್ಲಿ ಒಬ್ಬರಾದ ಸುಬ್ಬರಾವ್ ಮುಂದೆ ಲೆಡರ್ಲೆ ಪ್ರಯೋಗಾಲಯ ಸೇರಿ ಫೋಲಿಕ್ ಆಮ್ಲ, ಆನೆಕಾಲು ರೋಗದ ಹೆಟ್ರಜಾನ್, ರಕ್ತದ ಕ್ಯಾನ್ಸರಿಗೆ ಬಳಸಿದ ಅಮಿನಾಪ್ಟೆರಿನ್‌ನಂಥ ಔಷಧಗಳ ಹಿಂದಿನ ದುಡಿಮೆಗೆ ನಾಯಕರಾದರು. 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ ತೀರಿಕೊಂಡರು. ನೊಬೆಲ್ ಬರಲಿಲ್ಲ. ಪ್ರೌಢಶಾಲೆಯಿಂದಲೇ ನಮ್ಮ ಮಕ್ಕಳು ಎಟಿಪಿ ಎಂಬ ಮೂರು ಅಕ್ಷರ ಓದುತ್ತಾರೆ. ಆ ಪಾಠ ಹೇಳುವ ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ: ಅದೇ ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಭೀಮವರಂನ ಸುಬ್ಬರಾವ್ ಅವರ ಹೆಸರನ್ನೂ ಬರೆಯಿರಿ.